ಸದ್ಯಕ್ಕೆ ಹೀಗಿರಲಿ

ಹಳೆಯದು ಹೊಸದಕ್ಕೆ ಹೊಂದದೆ ಹೋದಾಗ ಬದಲಾಗಬೇಕಾದವರು ಯಾರು? ಮನೆಗಳಲ್ಲಿ ಈ ಪ್ರಶ್ನೆ ದಿನಾ ಬರುತ್ತೆ, ನಾವು ಅದಕ್ಕೆ ಉತ್ತರ ಹುಡುಕೋಕೆ ಹೋಗುವುದಿಲ್ಲ, ಹೇಗೋ ದಿನ ಕಳೆಯುತ್ತೇವೆ. ಕಂಪ್ಯೂಟರಿನ ಲೋಕದಲ್ಲಿ ಮಾತ್ರ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಲ್ಲಿ ಒಂದೋ ಪ್ರೋಗ್ರಾಂ ಕಟ್ಟಿಕೊಳ್ಳುತ್ತದೆ, ಇಲ್ಲವೇ ಕೆಂಪು ಅಕ್ಷರದಲ್ಲಿ ಬೈದು ನಿಲ್ಲುತ್ತದೆ. ಅದಕ್ಕೇ ಈ ಸಲ ನಿಮ್ಮನ್ನು ಆ ಲೋಕಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಹೆದರಬೇಡಿ, ಎರಡೇ ಎರಡು ಪದ ತಿಳಿದಿದ್ದರೆ ಸಾಕು. ಮನುಷ್ಯರು ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವುದು ಕಂಪೈಲರ್. ಯಾವ ಫೈಲನ್ನು ಮೊದಲು, ಯಾವುದನ್ನು ಆಮೇಲೆ, ಯಾವುದರ ಜೊತೆ ಯಾವುದನ್ನು ಸೇರಿಸಬೇಕು ಎಂದು ನೋಡಿಕೊಳ್ಳುವುದು ಬಿಲ್ಡ್ ಟೂಲ್. ಮೊದಲನೆಯದು ಅಡುಗೆಯವನಾದರೆ ಎರಡನೆಯದು ಮದುವೆಮನೆಯ ಮೇಲ್ವಿಚಾರಕ.

ಆ ಮೇಲ್ವಿಚಾರಕರಲ್ಲಿ ತುಂಬ ಹಳಬ ಮೇಕ್. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಮೇಕ್ ಓದುವ ಫೈಲಿನಲ್ಲಿ ಆದೇಶದ ಸಾಲುಗಳು ಟ್ಯಾಬ್ ಗುಂಡಿ ಒತ್ತಿಯೇ ಶುರುವಾಗಬೇಕು, ಸ್ಪೇಸ್ ಹಾಕಿದರೆ ಒಪ್ಪುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಖಾಲಿ ಜಾಗ. ಇದು ಕೆಟ್ಟ ನಿಯಮ ಅಂತ ಫೆಲ್ಡ್‌ಮನ್‌ಗೆ ಕೆಲವೇ ವಾರಗಳಲ್ಲಿ ಗೊತ್ತಾಯಿತು. ಆದರೆ ಅಷ್ಟರಲ್ಲಿ ಸುಮಾರು ಹನ್ನೆರಡು ಜನ, ಹೆಚ್ಚಿನವರು ಅವರ ಗೆಳೆಯರೇ, ಅದನ್ನು ಬಳಸೋಕೆ ಶುರು ಮಾಡಿದ್ದರು. ಅವರಿಗೆ ತೊಂದರೆ ಆಗಬಾರದು ಅಂತ ನಿಯಮವನ್ನು ಹಾಗೇ ಬಿಟ್ಟರು. ಹನ್ನೆರಡು ಜನರ ಮೇಲಿನ ಆ ದಾಕ್ಷಿಣ್ಯಕ್ಕೆ ಇವತ್ತಿನವರೆಗೂ ಲೆಕ್ಕವಿಲ್ಲದಷ್ಟು ಜನ ಬೆಲೆ ತೆರುತ್ತಿದ್ದಾರೆ. ಒಳ್ಳೆಯತನವೇ ತಪ್ಪಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಆದರೆ ಆವತ್ತು ಎದುರಿಗಿದ್ದ ಹನ್ನೆರಡು ಜನರ ಮುಖ ಕಾಣುತ್ತಿತ್ತು, ಮುಂದೆ ಬರುವವರ ಮುಖ ಕಾಣುತ್ತಿರಲಿಲ್ಲ ಅನ್ನುವುದಂತೂ ನಿಜ.

ಇದಕ್ಕೆ ತದ್ವಿರುದ್ಧದ ಕಥೆ ಕಂಪೈಲರಿನದು. ಸಿ ಭಾಷೆಯ ಹಳೆಯ ವ್ಯಾಕರಣದಲ್ಲಿ ಒಂದು ಸಲಿಗೆ ಇತ್ತು. ಒಂದು ಫಂಕ್ಷನ್ ಏನು ಕೊಡುತ್ತದೆ ಎಂದು ಮೊದಲೇ ಹೇಳದೆ ನೇರವಾಗಿ ಅದನ್ನು ಕರೆದರೆ, ಕಂಪೈಲರ್ 'ಬಹುಶಃ ಒಂದು ಪೂರ್ಣಾಂಕ ಕೊಡಬಹುದು' ಎಂದು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತಿತ್ತು. 1999ರ ಸಿ ಮಾನಕ ಈ ಸಲಿಗೆಯನ್ನು ತೆಗೆದುಹಾಕಿತು. ಆದರೂ ಜಿಸಿಸಿ ಎಂಬ ಜನಪ್ರಿಯ ಕಂಪೈಲರ್ ಬರೀ ಎಚ್ಚರಿಕೆ ಕೊಟ್ಟು ಕೋಡನ್ನು ಒಳಗೆ ಬಿಡುತ್ತಲೇ ಇತ್ತು. 2024ರಲ್ಲಿ ಬಂದ ಅದರ 14ನೇ ಆವೃತ್ತಿ ಮೊದಲ ಬಾರಿಗೆ ಅದನ್ನು ದೋಷ ಅಂತ ಕರೆದು ಬಾಗಿಲು ಹಾಕಿತು. ಅಂದರೆ 25 ವರ್ಷಗಳ ನೋಟಿಸ್. ಇಷ್ಟು ದಿನ ಕಾದವರನ್ನು ನಿರ್ದಯಿ ಅನ್ನುವುದು ಕಷ್ಟ. ಆದರೂ ಆ ನೋಟಿಸ್ ಓದಬೇಕಾದವರು ಈ 25 ವರ್ಷಗಳಲ್ಲಿ ಎಲ್ಲಿದ್ದರು ಅಂತಲೂ ಕೇಳಬೇಕಲ್ಲ.

ಕುವೈತಿನಲ್ಲಿ ಅದಕ್ಕೆ ಉತ್ತರ ಸುಲಭ: ಅವರು ಊರಿಗೆ ಹೋದರು. ಇಲ್ಲಿ ವಾಸಿಸುವವರಲ್ಲಿ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಹೊರದೇಶದವರು. ಇಕಾಮಾ ಮುಗಿದರೆ, ಕೆಲಸ ಮುಗಿದರೆ, ಅಪ್ಪ ಅಮ್ಮನಿಗೆ ವಯಸ್ಸಾದರೆ ಹೊರಡುತ್ತಾರೆ. ಬರೆದವರು ಹೋಗುತ್ತಾರೆ, ಬರೆದದ್ದು ಉಳಿಯುತ್ತದೆ.

ಶುವೈಖ್‌ನ ಕೈಗಾರಿಕಾ ಪ್ರದೇಶದಲ್ಲಿ ಒಂದು ಬಿಡಿಭಾಗಗಳ ಗೋದಾಮು ಇದೆ. ಅದರ ಸರಕು ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುವ ಮೂವರಲ್ಲಿ ನಾನೂ ಒಬ್ಬ. 1990ರ ದಶಕದಲ್ಲಿ ಯಾರೋ ಸಿ ಭಾಷೆಯಲ್ಲಿ ಬರೆದದ್ದು, ಆಮೇಲೆ ಕೈಯಿಂದ ಕೈಗೆ ದಾಟಿದ್ದು. ಒಂದು ಆಗಸ್ಟಿನಲ್ಲಿ ಕೋಣೆಯ ಎಸಿ ಕೆಟ್ಟಿತು, ಹಳೆಯ ಯಂತ್ರ ಆ ಬೇಗೆಗೆ ಸತ್ತಿತು. ಆಗಸ್ಟಿನ ಕುವೈತ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸೋರ್ಸ್ ಕೋಡ್ ನಮ್ಮ ಹತ್ತಿರ ಇತ್ತು, ಹೊಸ ಸರ್ವರೂ ಬಂತು. ಆದರೆ ಅದರಲ್ಲಿದ್ದ ಜಿಸಿಸಿ ಈ ಕೋಡನ್ನು ನೋಡಿ ನೂರಾರು ಸಾಲು ಬೈದು ನಿಂತುಬಿಟ್ಟಿತು. ಗುರುವಾರ ಸಂಜೆ. ಇಲ್ಲಿ ವಾರ ಶುರುವಾಗುವುದು ಭಾನುವಾರ.

ನನ್ನ ಸಹೋದ್ಯೋಗಿಯೊಬ್ಬರು ಜಾಣರು, ಕೈ ತುಂಬ ವೇಗ. ಕಂಪೈಲರಿಗೆ ಆದೇಶ ಕೊಡುವಾಗ ಸೇರಿಸಬಹುದಾದ ಸಣ್ಣ ಗುರುತುಗಳಿವೆ, ಫ್ಲ್ಯಾಗ್ ಅಂತೀವಿ. ಅವರು ಒಂದು ಫ್ಲ್ಯಾಗ್ ಹಾಕಿ ದೋಷಗಳನ್ನೆಲ್ಲ ಎಚ್ಚರಿಕೆ ಮಟ್ಟಕ್ಕೆ ಇಳಿಸಿದರು, ಇನ್ನೊಂದು ಹಾಕಿ ಎಚ್ಚರಿಕೆಗಳನ್ನೂ ಬಾಯಿ ಮುಚ್ಚಿಸಿದರು, ಹಳೆಯ ಕೋಡಿಗೆ ಒಳ್ಳೆಯದು ಅಂತ ಎಲ್ಲೋ ಓದಿದ 'ನೋ ಪೈ' ಎಂಬ ಮೂರನೆಯದನ್ನೂ ಸೇರಿಸಿದರು. ಪ್ರೋಗ್ರಾಂ ಕಟ್ಟಿಕೊಂಡಿತು. ಪರೀಕ್ಷೆಗೆ ಇಟ್ಟ ಸಣ್ಣ ಫೈಲನ್ನು ಓದಿತು, ಲೆಕ್ಕ ಸರಿಯಾಗಿತ್ತು. ಮನೆಗೆ ಹೋಗೋಣ ಅಂದರು.

ಗೋದಾಮಿನ ನಿಜವಾದ ಫೈಲು ಕೊಟ್ಟ ಕೂಡಲೇ ಅದು ಕುಸಿದುಬಿತ್ತು.

ಕಾರಣವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇಡೀ ವಿಷಯದ ಜೀವ ಇರುವುದು ಇಲ್ಲೇ. ಹಳೆಯ 32 ಬಿಟ್ ಯಂತ್ರದಲ್ಲಿ ಒಂದು ಪೂರ್ಣಾಂಕಕ್ಕೆ 4 ಬೈಟ್ ಜಾಗ, ಮೆಮೊರಿಯ ಒಂದು ವಿಳಾಸಕ್ಕೂ 4 ಬೈಟ್. ಹೀಗಾಗಿ ಫಂಕ್ಷನ್ ಒಂದು ವಿಳಾಸವನ್ನು ಕೊಟ್ಟು, ಕಂಪೈಲರ್ ಅದನ್ನು ಪೂರ್ಣಾಂಕ ಅಂತ ತಪ್ಪಾಗಿ ಊಹಿಸಿದರೂ ಏನೂ ಆಗುತ್ತಿರಲಿಲ್ಲ. ಅಳತೆ ಒಂದೇ ಇತ್ತು. ಹೊಸ ಯಂತ್ರದಲ್ಲಿ ಪೂರ್ಣಾಂಕ 4 ಬೈಟೇ, ವಿಳಾಸ ಮಾತ್ರ 8 ಬೈಟ್. ಈಗ ಅದೇ ತಪ್ಪು ಊಹೆ ಮಾಡಿದರೆ ವಿಳಾಸದ ಅರ್ಧ ಭಾಗ ಕತ್ತರಿಸಿ ಹೋಗುತ್ತದೆ. ಸಾಲ್ಮಿಯಾ, ಬ್ಲಾಕ್, ಬೀದಿ, ಕಟ್ಟಡದ ಸಂಖ್ಯೆ ಅಂತಿರುವ ವಿಳಾಸದಲ್ಲಿ ಕಟ್ಟಡದ ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡು ಹುಡುಕಹೊರಟ ಹಾಗೆ. ಸಣ್ಣ ಫೈಲು ಯಾಕೆ ಓಡಿತು ಅಂದರೆ, ಆ ಮೂರನೆಯ ಫ್ಲ್ಯಾಗಿನಿಂದಾಗಿ ಸಣ್ಣಪುಟ್ಟ ಮೆಮೊರಿಯೆಲ್ಲ ಕೆಳಗಿನ ವಿಳಾಸಗಳಲ್ಲಿ ಸಿಗುತ್ತಿತ್ತು, ಅವುಗಳ ಮೇಲಿನ ಅರ್ಧ ಹೇಗೂ ಸೊನ್ನೆ, ಕತ್ತರಿಸಿದರೆ ನಷ್ಟವಿಲ್ಲ. ದೊಡ್ಡ ಫೈಲಿಗೆ ದೊಡ್ಡ ತುಂಡು ಮೆಮೊರಿ ಬೇಕಾಯಿತು. ಅದು ಸಿಕ್ಕಿದ್ದು ಬಹಳ ಮೇಲಿನ ವಿಳಾಸದಲ್ಲಿ.

ನೋಡಿ, ಬಾಯಿ ಮುಚ್ಚಿಸಿದ ಎಚ್ಚರಿಕೆಗಳಲ್ಲಿ ಒಂದು ಇದನ್ನೇ ಹೇಳುತ್ತಿತ್ತು. ಸಾಲಿನ ಸಂಖ್ಯೆ ಸಮೇತ.

ಸಹೋದ್ಯೋಗಿಯ ವಾದವನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ಅವರು ಹೇಳಿದ್ದು ಇಷ್ಟು: ಭಾನುವಾರ ಗೋದಾಮು ತೆರೆಯದಿದ್ದರೆ ಲಾರಿ ಚಾಲಕರಿಗೆ ಆವತ್ತಿನ ಸಂಪಾದನೆ ಇಲ್ಲ, ನೂರಾರು ಎಚ್ಚರಿಕೆಗಳನ್ನು ಓದಿ ತಿದ್ದಲು ತಿಂಗಳುಗಟ್ಟಲೆ ಬೇಕು, ನಿನ್ನ ಶುದ್ಧ ಕೋಡಿನ ಬೆಲೆಯನ್ನು ಅವರು ಯಾಕೆ ಕೊಡಬೇಕು? ಈ ಪ್ರಶ್ನೆ ನ್ಯಾಯವಾದದ್ದು. ಶುದ್ಧತೆಯ ಹಟ ಹಿಡಿದವರು ಬಹಳ ಸಲ ಬೇರೆಯವರ ದುಡ್ಡಿನಲ್ಲಿ ಹಟ ಮಾಡುತ್ತಾರೆ. ಹೊಸ ವ್ಯಾಕರಣಕ್ಕೆ ಎಲ್ಲವನ್ನೂ ಇವತ್ತೇ ತಿದ್ದಬೇಕು ಅನ್ನುವುದು ನೀತಿಯೂ ಅಲ್ಲ, ಸಾಧ್ಯವೂ ಅಲ್ಲ.

ಹಾಗಾದರೆ ತಿದ್ದುವುದು ಅಥವಾ ಬಾಯಿ ಮುಚ್ಚಿಸುವುದು, ಎರಡೇ ದಾರಿಯೇ? ಮೂರನೆಯದು ಇದೆ. ಕಂಪೈಲರಿಗೆ 'ಸುಮ್ಮನಿರು' ಅನ್ನುವ ಬದಲು 'ಇದು 1989ರ ಸಿ' ಅಂತ ಹೇಳಬಹುದು. ಅದಕ್ಕೂ ಒಂದು ಫ್ಲ್ಯಾಗ್ ಇದೆ. 'ಈ ಪ್ರೋಗ್ರಾಂ ಹುಟ್ಟಿದ್ದು 32 ಬಿಟ್ ಲೋಕದಲ್ಲಿ, ಇದನ್ನು ಅದೇ ಲೆಕ್ಕದಲ್ಲಿ ಕಟ್ಟು' ಅಂತಲೂ ಹೇಳಬಹುದು, ಅದಕ್ಕೆ ಇನ್ನೊಂದು. ಮೇಲುನೋಟಕ್ಕೆ ಇವೂ ಹಳತನ್ನು ಒಳಗೆ ನುಸುಳಿಸುವ ಉಪಾಯಗಳೇ. ನನಗೆ ಮಾತ್ರ ಇವುಗಳ ನಡುವೆ ಆಕಾಶ ಭೂಮಿಯ ಅಂತರ ಕಾಣುತ್ತದೆ. ಬಾಯಿ ಮುಚ್ಚಿಸುವ ಫ್ಲ್ಯಾಗ್ ಏನನ್ನೂ ತಿಳಿಸುವುದಿಲ್ಲ, ತಿಳಿದದ್ದನ್ನು ಅಡಗಿಸುತ್ತದೆ. ಕಾಲ ಹೇಳುವ ಫ್ಲ್ಯಾಗ್ ಒಂದು ನಿಜವನ್ನು ಹೇಳುತ್ತದೆ: ಈ ಬರಹ ಇಂಥ ಕಾಲದ್ದು, ಇಂಥ ವ್ಯಾಕರಣದ್ದು, ಆ ಕಿವಿಯಿಂದಲೇ ಕೇಳಿ. ಕೇಳುವವನಿಗೆ ಮೋಸವಿಲ್ಲ, ಬರೆದವನಿಗೆ ಅವಮಾನವಿಲ್ಲ. ಎಚ್ಚರಿಕೆಗಳನ್ನೂ ತೆರೆದೇ ಇಡಬಹುದು.

ಶನಿವಾರ ರಾತ್ರಿ ನಾವು ಮಾಡಿದ್ದು ಅದನ್ನೇ. ಭಾನುವಾರ ಗೋದಾಮು ತೆರೆಯಿತು.

ಆದರೆ ಇದೂ ಸಾಲವೇ, ಅದು ಮರೆಯಬಾರದು. 32 ಬಿಟ್‌ನಲ್ಲಿ ಹೀಗೆ ಕಟ್ಟಿದ ಪ್ರೋಗ್ರಾಂ ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಲ್ಲಿ ಎಣಿಸುತ್ತದೆ. ಆ ಎಣಿಕೆಯ ಡಬ್ಬಿ ತುಂಬುವುದು 2038ರ ಜನವರಿ 19ರಂದು, ಕುವೈತ್ ಸಮಯ ಬೆಳಿಗ್ಗೆ 6 ಗಂಟೆ 14 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಅದಕ್ಕೆ 1901ನೇ ಇಸವಿ. ನಾವು ಈ ದಿನಾಂಕವನ್ನು ಸೋರ್ಸ್ ಕೋಡಿನ ಜೊತೆಗಿನ ಟಿಪ್ಪಣಿಯಲ್ಲಿ ಮೊದಲ ಸಾಲಾಗಿ ಬರೆದಿಟ್ಟೆವು. ತೀರಿಸುವ ತಾರೀಖು ಬರೆದ ಸಾಲಕ್ಕೂ ಬರೆಯದ ಸಾಲಕ್ಕೂ ವ್ಯತ್ಯಾಸ ಇದೆ ಅಂತ ಬ್ಯಾಂಕಿನವರನ್ನು ಕೇಳಿದರೆ ಗೊತ್ತಾಗುತ್ತದೆ.

ಬಿಲ್ಡ್ ಟೂಲ್‌ಗಳಿಗೂ ಕಾಲ ಹೇಳುವ ಪದ್ಧತಿ ಗೊತ್ತಿದೆ. ಸಿಮೇಕ್ ಎಂಬ ಮೇಲ್ವಿಚಾರಕನ ಫೈಲಿನಲ್ಲಿ ಮೊದಲ ಸಾಲೇ 'ನನಗೆ ಕಡಿಮೆ ಅಂದರೆ ಇಂಥ ಆವೃತ್ತಿ ಬೇಕು' ಅಂತ. ಅದನ್ನು ನೋಡಿ ಹೊಸ ಸಿಮೇಕ್ ತನ್ನ ನಡತೆಯನ್ನು ಆ ಕಾಲಕ್ಕೆ ಹೊಂದಿಸಿಕೊಳ್ಳುತ್ತದೆ. ಹಿರಿಯರು ಮನೆಗೆ ಬಂದಾಗ ನಾವು ದನಿ ತಗ್ಗಿಸುತ್ತೇವಲ್ಲ, ಹಾಗೆ. 2025ರಲ್ಲಿ ಬಂದ ಸಿಮೇಕ್ 4.0 ಮಾತ್ರ, 3.5ಕ್ಕಿಂತ ಹಿಂದಿನ ಕಾಲ ನನಗಿನ್ನು ನೆನಪಿಲ್ಲ ಅಂದುಬಿಟ್ಟಿತು. ಎಷ್ಟೋ ಹಳೆಯ ಪ್ರಾಜೆಕ್ಟುಗಳು ಒಂದೇ ದಿನದಲ್ಲಿ ಕಟ್ಟಿಕೊಳ್ಳದಾದವು. ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಯಾವ ಟೂಲೂ ಎಲ್ಲರ ಹಳೆಯ ಕಾಲವನ್ನು ಎಂದೆಂದಿಗೂ ಹೊತ್ತುಕೊಂಡು ತಿರುಗಲಾರದು, ಒಪ್ಪೋಣ. ಆದರೂ ಆ ಪ್ರಾಜೆಕ್ಟುಗಳು ತಮ್ಮ ಕಾಲವನ್ನು ಬರೆದಿಟ್ಟಿದ್ದರಿಂದಲೇ, ಎಲ್ಲಿ ಮುರಿಯಿತು ಎಂಬುದು ಮೊದಲ ಸಾಲಿನಲ್ಲೇ ಸ್ಪಷ್ಟವಾಗಿ ತಿಳಿಯಿತು.

ಹೀಗೆ ಗದ್ದಲ ಮಾಡಿ ಮುರಿಯುವುದಕ್ಕಿಂತ ಸದ್ದಿಲ್ಲದೆ ತಪ್ಪಾಗುವುದು ಕೆಟ್ಟದ್ದು. ಹಳೆಯ ಪ್ಯಾಕೇಜುಗಳಲ್ಲಿ 'ಕಾನ್ಫಿಗರ್' ಎಂಬ ಸ್ಕ್ರಿಪ್ಟ್ ಇರುತ್ತದೆ. ನಿಮ್ಮ ಯಂತ್ರದಲ್ಲಿ ಏನೇನಿದೆ ಅಂತ ತಿಳಿಯಲು ಅದು ಪುಟ್ಟ ಪುಟ್ಟ ಪ್ರೋಗ್ರಾಂಗಳನ್ನು ಬರೆದು ಕಂಪೈಲರಿಗೆ ಕೊಡುತ್ತದೆ. ಕಟ್ಟಿಕೊಂಡರೆ 'ಇದೆ', ಇಲ್ಲದಿದ್ದರೆ 'ಇಲ್ಲ'. ಆದರೆ ಆ ಪುಟ್ಟ ಪ್ರೋಗ್ರಾಂಗಳೂ ಹಳೆಯ ವ್ಯಾಕರಣದಲ್ಲೇ ಇರುತ್ತವೆ! ಹೊಸ ಕಂಪೈಲರ್ ಪ್ರಶ್ನೆಯ ವ್ಯಾಕರಣವನ್ನೇ ಒಪ್ಪದೆ ತಿರಸ್ಕರಿಸುತ್ತದೆ, ಸ್ಕ್ರಿಪ್ಟ್ ಅದನ್ನು 'ಇಲ್ಲ' ಎಂಬ ಉತ್ತರ ಅಂದುಕೊಳ್ಳುತ್ತದೆ. ಯಂತ್ರದಲ್ಲಿ ಇರುವ ಸೌಲಭ್ಯವೊಂದು ಇಲ್ಲವೆಂದು ದಾಖಲಾಗಿ, ಅದಿಲ್ಲದೆಯೇ ಪ್ರೋಗ್ರಾಂ ಕಟ್ಟಿಕೊಳ್ಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಇಲ್ಲಿ ಹುಟ್ಟಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ ಅಂತ ನನ್ನ ಊಹೆ. ರಜೆಗೆ ಧಾರವಾಡಕ್ಕೆ ಹೋದಾಗ ಅಜ್ಜಿ 'ಏನ್ ಮಾಡಾಕತ್ತೀಯವಾ?' ಅಂತ ಕೇಳುತ್ತಾರೆ. ನೀವು ಕಲಿತದ್ದು 'ಏನು ಮಾಡುತ್ತಿದ್ದೀಯ'. ಒಂದು ಕ್ಷಣ ಸುಮ್ಮನಾಗುತ್ತೀರಿ. ಅಜ್ಜಿ ಪಕ್ಕದವರಿಗೆ ಹೇಳುತ್ತಾರೆ, 'ಕೂಸಿಗೆ ಕನ್ನಡ ಬರಂಗಿಲ್ಲ.' ನಿಮಗೆ ಬರುತ್ತದೆ. ಪ್ರಶ್ನೆ ಮುಟ್ಟಲಿಲ್ಲ ಅಷ್ಟೇ. ಆದರೆ ಮನೆಯ ದಾಖಲೆಯಲ್ಲಿ 'ಇಲ್ಲ' ಅಂತ ಬರೆದಾಯಿತು, ಅಲ್ಲಿಂದಾಚೆಗೆ ನಿಮ್ಮ ಜೊತೆ ಎಲ್ಲರೂ ಇಂಗ್ಲಿಷ್‌ನಲ್ಲೇ ಮಾತು.

ಯಾವುದನ್ನೂ ತಿದ್ದದೆ, ಯಾವುದಕ್ಕೂ ಹೊಂದಿಸದೆ, ಹಳೆಯ ಯಂತ್ರವನ್ನೇ ಇಡಿಯಾಗಿ ಉಪ್ಪಿನಕಾಯಿ ಹಾಕಿಡುವ ದಾರಿಯೂ ಒಂದಿದೆ. ಅದಕ್ಕೆ ಕುವೈತಿನದೇ ಚೆಂದದ ಉದಾಹರಣೆ ಸಖ್ರ್. ಅರಬ್ಬಿಯಲ್ಲಿ ಬಂಡೆ ಅಂತ ಅರ್ಥ. 1982ರಲ್ಲಿ ಮೊಹಮ್ಮದ್ ಅಲ್ ಶಾರಿಖ್ ಕುವೈತಿನಲ್ಲಿ ಶುರು ಮಾಡಿದ ಕಂಪನಿಯ ಹೆಸರುವಾಸಿ ಗಣಕ. ಎಂಎಸ್‌ಎಕ್ಸ್ ಎಂಬ ಅಂದಿನ ಮಾನಕದ ಪುಟ್ಟ ಯಂತ್ರಗಳಿಗೆ ಇವರು ಅರಬ್ಬಿ ಕಲಿಸಿದರು. ಬಲದಿಂದ ಎಡಕ್ಕೆ, ಕೂಡಿಕೊಂಡು ಬರುವ ಅಕ್ಷರಗಳಲ್ಲಿ. ಬೇಸಿಕ್ ಭಾಷೆಯ ಆದೇಶಗಳನ್ನೂ ಅರಬ್ಬಿಯಲ್ಲೇ ಬರೆಯುವಂತೆ ಮಾಡಿದರು. ಅರಬ್ ದೇಶಗಳ ಒಂದು ತಲೆಮಾರಿನ ಎಷ್ಟೋ ಮಕ್ಕಳು ಮೊದಲ ಪ್ರೋಗ್ರಾಂ ಬರೆದದ್ದು ಅದರ ಮೇಲೆ. 1990ರ ಆಗಸ್ಟ್ 2ರಂದು ಇರಾಕ್ ದಾಳಿ ಮಾಡಿತು, ಆ ಬಳಿಕ ಕಂಪನಿ ಕೈರೋಗೆ ಹೋಯಿತು, ಎಂಎಸ್‌ಎಕ್ಸ್ ಕೂಡ ಮಾರುಕಟ್ಟೆಯಿಂದ ಮರೆಯಾಯಿತು. ಇವತ್ತು ಆ ಯಂತ್ರವನ್ನು ಲ್ಯಾಪ್‌ಟಾಪಿನೊಳಗೆ ಎಮ್ಯುಲೇಟರಿನಲ್ಲಿ ಓಡಿಸಬಹುದು. ಹಳೆಯ ಪ್ರೋಗ್ರಾಂಗೆ ತಾನು 1980ರ ದಶಕದಲ್ಲೇ ಇದ್ದೇನೆ ಎಂಬ ನಂಬಿಕೆ. ಅಲ್ ಶಾರಿಖ್ 2024ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರು ಹಿಡಿದ ಕೆಲಸ ಬೇರೆಯದು: ಹಳೆಯ ಅರಬ್ಬಿ ಸಾಂಸ್ಕೃತಿಕ ಪತ್ರಿಕೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರೂ ಓದುವಂತೆ ಇಡುವುದು. ಯಂತ್ರವನ್ನು ಉಳಿಸುವ ಕೆಲಸ ಅಭಿಮಾನಿಗಳಿಗೆ ಬಿಟ್ಟು, ಓದನ್ನು ಮುಂದಕ್ಕೆ ದಾಟಿಸಿದರು.

ನಮ್ಮ ಗೋದಾಮಿಗೂ ಇದನ್ನು ಮಾಡಬಹುದಿತ್ತು, ಹಳೆಯ ವ್ಯವಸ್ಥೆಯನ್ನು ಕಂಟೇನರಿನಲ್ಲಿ ಮುಚ್ಚಿಟ್ಟು ಓಡಿಸುವುದು. ಆಟಕ್ಕೆ, ನೆನಪಿಗೆ, ಓದಿಗೆ ಅದು ಸರಿ. ದಿನವೂ ಬಾಳಬೇಕಾದದ್ದಕ್ಕೆ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಮುಚ್ಚಿದ ಭರಣಿಯೊಳಗಿನ ಭದ್ರತಾ ದೋಷಗಳೂ ಹಾಗೇ ಉಳಿಯುತ್ತವೆ, ಅದನ್ನು ತೆರೆದು ಒಂದು ಸಾಲು ಬದಲಿಸಬಲ್ಲವರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಾರೆ.

ಆ ಕೋಡನ್ನು ನಿಧಾನವಾಗಿ ತಿದ್ದುತ್ತಾ ಹೋದಾಗ ಅದರೊಳಗಿನ ಜನ ಸಿಕ್ಕರು. ಕೋಡಿನ ನಡುವೆ ಮನುಷ್ಯರಿಗೆಂದು ಬರೆಯುವ ಟಿಪ್ಪಣಿಗಳಿರುತ್ತವಲ್ಲ, ಅವು ಹೆಚ್ಚಿನವು ಇಂಗ್ಲಿಷ್, ಅಲ್ಲಲ್ಲಿ ಅರಬ್ಬಿ ಮಾತು ಇಂಗ್ಲಿಷ್ ಅಕ್ಷರದಲ್ಲಿ, ಒಂದೆರಡು ಮಲಯಾಳ. ಒಂದು ಕಡೆ, ತೂಕದ ಲೆಕ್ಕವನ್ನು ಬಲವಂತವಾಗಿ ಸರಿದೂಗಿಸಿದ ಸಾಲಿನ ಪಕ್ಕ, ಇಂಗ್ಲಿಷ್ ಅಕ್ಷರಗಳಲ್ಲೇ ಅಚ್ಚ ಕನ್ನಡ: 'ಸದ್ಯಕ್ಕೆ ಹೀಗಿರಲಿ.' ಹೆಸರಿಲ್ಲ, ತಾರೀಖಿಲ್ಲ. ಪಕ್ಕದ ಕೋಡನ್ನು ನೋಡಿದರೆ ಕಡಿಮೆ ಅಂದರೂ 20 ವರ್ಷ ಹಳೆಯದು. ಕುವೈತಿಗೆ ಬಂದ ನಾವೆಲ್ಲ ಬಂದದ್ದು ಸದ್ಯಕ್ಕೇ ಅಲ್ಲವೇ? ಎರಡು ವರ್ಷ, ಮನೆಯ ಸಾಲ ತೀರುವವರೆಗೆ, ಮಗುವಿನ ಶಾಲೆ ಮುಗಿಯುವವರೆಗೆ. ನಿಮ್ಮಲ್ಲಿ ಕೆಲವರು ಹುಟ್ಟಿದ್ದೇ ಅಪ್ಪ ಅಮ್ಮನ ಆ 'ಸದ್ಯಕ್ಕೆ'ಯ ಒಳಗೆ.

ಆ ಅಪರಿಚಿತ ಕನ್ನಡಿಗರ ಮೇಲೆ ನನಗೆ ಸಿಟ್ಟಿಲ್ಲ. ತಾತ್ಕಾಲಿಕ ಪರಿಹಾರ ಪಾಪವಲ್ಲ, ಅವರು ಅದನ್ನು ತಾತ್ಕಾಲಿಕ ಅಂತ ಕರೆದದ್ದೇ ನಮಗೆ ದೊಡ್ಡ ಉಪಕಾರ. ಅದರಿಂದಲೇ ಆ ಸಾಲನ್ನು ಮುಟ್ಟುವ ಧೈರ್ಯ ಬಂತು. ಆದರೆ ಯಾಕೆ ಹಾಗೆ ಮಾಡಿದೆ, ಏನಾದ ಮೇಲೆ ತೆಗೆಯಬಹುದು ಎಂದು ಇನ್ನೊಂದು ಸಾಲು ಬರೆದಿದ್ದರೆ? ಬರುವವನಿಗಿಂತ ಹೊರಡುವವನ ಹೊಣೆ ಹೆಚ್ಚು ಅನ್ನುವ ಕಡೆಗೆ ನನ್ನ ಮನಸ್ಸು ವಾಲುತ್ತದೆ, ಯಾಕೆಂದರೆ ಕಾರಣ ಗೊತ್ತಿರುವುದು ಅವನೊಬ್ಬನಿಗೇ. ಕಂಪೈಲರ್ ಮಾಡುವವರು 25 ವರ್ಷ ನೋಟಿಸ್ ಕೊಟ್ಟರು. ನಾವು ಊರಿಗೆ ಹೊರಡುವಾಗ 25 ನಿಮಿಷ ಕೂತು ಬರೆಯುವುದಿಲ್ಲ, ಲಗೇಜ್ ತೂಕ ನೋಡೋದರಲ್ಲೇ ಸಮಯ ಹೋಗುತ್ತೆ.

ತಪ್ಪನ್ನು ಮುಟ್ಟದೆಯೂ ನಿಜ ಹೇಳಬಹುದು ಎನ್ನುವುದಕ್ಕೆ ನಮ್ಮ ಲಿಪಿಯಲ್ಲೇ ಒಂದು ಸೊಗಸಾದ ಸಾಕ್ಷಿ ಇದೆ. ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಇವತ್ತಿನ 'ಹಳೆಯ' ಎಂಬ ಮಾತೇ ಅಂದು 'ಪೞೆಯ'. ನಿಮ್ಮ ಮಲಯಾಳಿ ನೆರೆಯವರು ಇಂದಿಗೂ ಹೆಚ್ಚುಕಡಿಮೆ ಹಾಗೇ ಅನ್ನುತ್ತಾರೆ, ಕಿವಿಗೊಟ್ಟು ಕೇಳಿ. 13ನೇ ಶತಮಾನದ ಹೊತ್ತಿಗೆ ಜನ ೞ ಮತ್ತು ಳಗಳನ್ನು ಕಲಸುತ್ತಿದ್ದರು, ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞ ಇರುವ ಮಾತುಗಳನ್ನು ಪಟ್ಟಿ ಮಾಡಿಕೊಟ್ಟ. ಯುನಿಕೋಡ್ ಈ ಅಕ್ಷರಕ್ಕೆ ಜಾಗ ಕೊಟ್ಟಿತು, ಆದರೆ ಹೆಸರಿಡುವಾಗ ಎಡವಿ 'ಕನ್ನಡ ಲೆಟರ್ ಫಾ' ಎಂದಿತು. ಫಾ! ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಅನ್ನುವುದು ಯುನಿಕೋಡಿನ ವಚನ, ಲೋಕದ ತಂತ್ರಾಂಶಗಳು ಆ ಹೆಸರುಗಳನ್ನು ನಂಬಿಕೊಂಡಿವೆ. ಹಾಗಾಗಿ ಅವರು ಹೆಸರನ್ನು ಹಾಗೇ ಉಳಿಸಿ, ಪಕ್ಕದಲ್ಲಿ 'ತಿದ್ದುಪಡಿ' ಎಂಬ ಗುರುತಿನೊಂದಿಗೆ ಸರಿಯಾದ ಇನ್ನೊಂದು ಹೆಸರನ್ನು ಅಧಿಕೃತವಾಗಿ ಸೇರಿಸಿದರು. ಹಳೆಯ ಪ್ರೋಗ್ರಾಂ ಮುರಿಯಲಿಲ್ಲ, ಹೊಸ ಓದುಗನಿಗೆ ಸುಳ್ಳು ದಾಟಲಿಲ್ಲ. ಮೇಕ್‌ನ ಟ್ಯಾಬ್ ಪಕ್ಕ ಇದನ್ನಿಟ್ಟು ನೋಡಿ. ಎರಡು ಕಡೆಯೂ ತಪ್ಪು ಉಳಿದಿದೆ, ಒಂದು ಕಡೆ ಮಾತ್ರ ಅದರ ಮೇಲೆ ಚೀಟಿ ಅಂಟಿಸಿದ್ದಾರೆ.

ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಮನೆಯ ಯಾವುದೋ ಹಾರ್ಡ್ ಡಿಸ್ಕಿನಲ್ಲಿ ಅಪ್ಪನೋ ಅಮ್ಮನೋ ನುಡಿಯಲ್ಲೋ ಬರಹದಲ್ಲೋ ಬೆರಳಚ್ಚು ಮಾಡಿದ ಹಳೆಯ ಕನ್ನಡ ಫೈಲುಗಳಿರಬಹುದು. ರಾಜ್ಯೋತ್ಸವದ ನಾಟಕ, ಸ್ಮರಣ ಸಂಚಿಕೆಯ ಲೇಖನ, ಕಾಗದ. ಇವತ್ತು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಅದು ಕೆಟ್ಟಿಲ್ಲ, ಯುನಿಕೋಡಿಗೆ ಮುಂಚಿನ ಫಾಂಟಿನ ವ್ಯಾಕರಣದಲ್ಲಿದೆ. ಬದಲಿಸಿಕೊಡುವ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ಹಳೆಯ ಫಾಂಟುಗಳು ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ವ್ಯಂಜನದ ನಂತರ ಇಡುತ್ತಿದ್ದವು. ಯುನಿಕೋಡಿನಲ್ಲಿ ರ ಮೊದಲು ಬರಬೇಕು. ಪರಿವರ್ತಕ ತಪ್ಪುವುದು ಇಂಥ ಕಡೆಯೇ. ಮೂಲ ಫೈಲನ್ನು ಅಳಿಸಬೇಡಿ. ಯಾವ ತಂತ್ರಾಂಶ, ಯಾವ ಆವೃತ್ತಿ, ಯಾವ ವರ್ಷ ಎಂದು ಅಪ್ಪ ಅಮ್ಮನಿಗೆ ನೆನಪಿರುವಾಗಲೇ ಕೇಳಿ, ಫೈಲಿನ ಹೆಸರಿನಲ್ಲೇ ಸೇರಿಸಿಡಿ. ಮುಂದಿನ ವಾರ ಅವರು ಫೋನ್ ಮಾಡಿದಾಗಲೇ ಕೇಳಿಬಿಡಿ.